ಕೊರಳ ಖೇಣಿ

ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಅಂದರೆ ಏನು ಕೆಲಸ ಎಂದು ಚನ್ನಗಿರಿಯಲ್ಲಿ ನಮ್ಮ ಯಜಮಾನರನ್ನು ಯಾರೂ ಕೇಳಲಿಲ್ಲ. ಬಂದವರೆಲ್ಲ ಶಾಲು ಹೊದಿಸಿ, ಫೋಟೋ ತೆಗೆಸಿಕೊಂಡು, ನಾನು ಮಾಡಿದ ಮಂಡಕ್ಕಿ ಒಗ್ಗರಣೆ ತಿಂದು ಹೋದರು. ಕೇಳಿದವಳು ನಾನೊಬ್ಬಳೇ.

ನಾನು ಕಸ್ತೂರಮ್ಮ. ಅವರು ಮುರುಗೇಶಪ್ಪ, ಅಡಿಕೆ ಖೇಣಿದಾರರು. ಖೇಣಿ ಅಂದರೆ ಇಷ್ಟೇ: ತೋಟ ಒಬ್ಬರದು, ಫಸಲು ಇನ್ನೊಬ್ಬರದು. ಕೆರೆಬಿಳಚಿಯಲ್ಲೋ ಉಬ್ರಾಣಿಯಲ್ಲೋ ಒಂದು ತೋಟವನ್ನು ಇಷ್ಟು ದುಡ್ಡಿಗೆ, ಇಷ್ಟು ವರ್ಷಕ್ಕೆ ಎಂದು ಮಾತಾಡಿಕೊಂಡರೆ, ಗಡುವು ಮುಗಿಯುವವರೆಗೆ ಮರದ ಮೇಲಿನ ಗೊನೆಯೆಲ್ಲ ನಮ್ಮವರದು. ಮಾಲೀಕ ನೀರು ಬಿಡಬಹುದು, ಗೊಬ್ಬರ ಹಾಕಬಹುದು, ನೆರಳಲ್ಲಿ ಕೂರಬಹುದು. ಗೊನೆಗೆ ಮಾತ್ರ ಕೈ ಹಾಕುವಂತಿಲ್ಲ. ಈ ವ್ಯವಹಾರದಲ್ಲಿ ನಮ್ಮವರತ್ತ ಯಾರೂ ಬೆರಳು ತೋರಿಸಿದ್ದಿಲ್ಲ, ಆಡಿದ ಮಾತಿಗೆ ತಪ್ಪಿದವರು ಎಂದು ಅಂದದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಅವರನ್ನು ಬೈಯುವುದೇ ಹೆಚ್ಚು.

ಸಂಗೀತದ ವಿಷಯ ಬೇರೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರೆ. ಕೋಣ ಕಿವಿಯನ್ನಾದರೂ ಅಲ್ಲಾಡಿಸುತ್ತದೆ. ನಮ್ಮವರು ಭಜನೆಯಲ್ಲಿ ತಾಳ ಹಿಡಿದು ಕೂತರೆ ಪಕ್ಕದವರು ಮೆಲ್ಲಗೆ ಎದ್ದು ಕಂಬದ ಆಚೆ ಹೋಗಿ ಕೂರುತ್ತಿದ್ದರು. ಅಂಥವರ ಹೆಸರು ಇವತ್ತು ಎಷ್ಟೋ ಹಾಡುಗಳ ಮುಂದೆ ಗಂಟೆ ಬಾರಿಸಿಕೊಂಡು ಬರುತ್ತದೆ.

ಅದು ಶುರುವಾದದ್ದು ನಮ್ಮ ಹಿತ್ತಲಿನ ಶೆಡ್ಡಿನಲ್ಲಿ. ಅಡಿಕೆ ಕಾಲದಲ್ಲಿ ಜಗಳೂರು ಕಡೆಯ ಒಂದು ಹಳ್ಳಿಯಿಂದ ಹೆಂಗಸರ ಗುಂಪು ಸುಲಿಯಲು ಬರುತ್ತದೆ. ಮಷಿನ್ ಬಂದ ಮೇಲೂ ಒಳ್ಳೆಯ ಮಾಲಿಗೆ ಕೈಸುಲಿತವೇ ಬೇಕು ಎನ್ನುವುದು ನಮ್ಮವರ ಹಟ. ಗುಂಪಿಗೆ ಹಿರಿಯಳು ಅಜ್ಜಮ್ಮ. ಅವಳ ಒಬ್ಬಳೇ ಮಗಳು ಉಚ್ಚಂಗಮ್ಮ, ಗಂಡನ ಮನೆ ಬಿಟ್ಟು ಬಂದು ತಾಯಿಯ ಜೊತೆಗೇ ಇದ್ದವಳು. ಕತ್ತಿಯ ಮುಂದೆ ಕೂತು ಉಚ್ಚಂಗಮ್ಮ ಒಂದು ಸೊಲ್ಲು ಹಾಡಿ ಸುಮ್ಮನಾಗುವಳು. ಆ ಸುಮ್ಮನಿದ್ದ ಜಾಗದಲ್ಲಿ ಅಜ್ಜಮ್ಮ, ಅವಳ ಹಿಂದೆಯೇ ಉಳಿದವರು, ಅದೇ ಸೊಲ್ಲನ್ನು ಎತ್ತಿಕೊಳ್ಳುವರು. ಅವರ ಹಾಡೇ ಹಾಗೆ. ಒಬ್ಬರು ಕೊಡಬೇಕು, ಉಳಿದವರು ಎತ್ತಿಕೊಳ್ಳಬೇಕು.

ಉಚ್ಚಂಗಮ್ಮನದು ಖಾಲಿ ಕೊಡಕ್ಕೆ ಬಿದ್ದ ಮೊದಲ ನೀರಿನಂಥ ದನಿ. ಒಲೆಯ ಮೇಲೆ ಸಾರಿಟ್ಟು ಹಿತ್ತಲ ಬಾಗಿಲಿಗೆ ಬಂದು ನಿಂತವಳು ನಾನು ಎಷ್ಟು ಸಲ ಸಾರು ಸೀಯಿಸಿದ್ದೇನೋ. ನಮ್ಮವರು ಸೀದ ಸಾರನ್ನೂ ಮಾತಿಲ್ಲದೆ ಉಣ್ಣುತ್ತಿದ್ದರು, ಹಾಡನ್ನೂ ಹಾಗೆಯೇ ಕೇಳುತ್ತಿದ್ದರು.

ಹೊನ್ನಾಳಿಯಲ್ಲಿ ಗೊಬ್ಬರದಂಗಡಿಯ ಮಹಡಿ ಮೇಲೆ ರೆಕಾರ್ಡಿಂಗ್ ಸ್ಟುಡಿಯೊ ಇಟ್ಟುಕೊಂಡಿದ್ದ ಸುದೀಪ ನಮ್ಮ ಮಗ ಅರುಣ್ ಕುಮಾರನ ಸ್ನೇಹಿತ. ಅವನು ಒಂದು ದಿನ ಮನೆಗೆ ಬಂದವನು ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟ.

“ಸರ್, ಇದು ಬಂಗಾರ. ನಂದು ಸ್ಟುಡಿಯೊ ಐತೆ, ಚಾನೆಲ್ ಐತೆ. ನೀವು ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಆಗ್ರಿ” ಎಂದ.

“ನಂಗೆ ಹಾಡಾಕೆ ಬರಲ್ಲಪ್ಪ” ಎಂದರು ನಮ್ಮವರು.

“ಹಾಡಾಕೂ ಬರಬೇಕಾಗಿಲ್ಲ, ಬಾರ್ಸಾಕೂ ಬರಬೇಕಾಗಿಲ್ಲ ಸರ್. ಎಲ್ಲ ಹೊಂದಿಸಿ ಕೊಡಬೇಕು. ಯಾವ ಹಾಡು, ಯಾವಾಗ, ಹೆಂಗೆ ಅಂತ ಕೊನೇ ಮಾತು ಆಡ್ಬೇಕು. ಹೆಸರು ಹಾಡೋರಿಗಿಂತ ಮೊದ್ಲು ನಿಮ್ದು ಬರ್ತೈತೆ.”

ಊಟಕ್ಕೆ ಕೂತಾಗ ನಾನು ಕೇಳಿದೆ: “ಏನ್ರೀ ಅದು ಕೆಲ್ಸ? ಬಾಯಿ ತುಂಬಾ ಹೆಸರೈತೆ, ಒಳಗೇನೈತೆ?”

“ಖೇಣಿ ಕಣೇ. ತೋಟ ಬೇರೆ, ಅಷ್ಟೆ.”

ನಾನು ನಕ್ಕೆ. ಆಗ ಅದು ನಗುವ ಮಾತೇ ಆಗಿತ್ತು.

ಮಾತು ಮುಗಿಸಲು ನಾವಿಬ್ಬರೂ ಅವರ ಹಳ್ಳಿಗೆ ಹೋದೆವು. ಜಗಳೂರು ದಾಟಿದ ಮೇಲೆ ಮೆಕ್ಕೆಜೋಳದ ಹೊಲ, ಕಲ್ಲುಬಂಡೆ, ಮತ್ತೆ ಮೆಕ್ಕೆಜೋಳದ ಹೊಲ. ನಮ್ಮವರು ಕಟ್ಟೆಯ ಮೇಲೆ ಕೂತು, ಇನ್ನು ಮೂರು ಯುಗಾದಿವರೆಗೆ ಉಚ್ಚಂಗಮ್ಮ ಹಾಡಿದ್ದೆಲ್ಲ ತಮ್ಮದು, ಬೇರೆ ಯಾರಿಗೂ ಹಾಡುವಂತಿಲ್ಲ ಎಂದರು. ಉಚ್ಚಂಗಮ್ಮ ಬೇಗ ಒಪ್ಪಿದಳು. ತಾಯಿಯ ಹಾಡು ತಾಯಿಯ ಜೊತೆಗೇ ಮಣ್ಣಾಗಬಾರದು ಎಂಬ ಆಸೆ ಅವಳಿಗೆ. ಅಜ್ಜಮ್ಮ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಒಂದು ಮಾತು ಸೇರಿಸಿದಳು.

“ಎಲ್ಲ ತಗೊಳ್ರಿ ಸಾವ್ಕಾರ್ರೆ. ಬೀಸೋ ಹಾಡು, ಸೋಬಾನೆ, ತೊಟ್ಟಿಲ ಹಾಡು, ಎಲ್ಲ. ಒಂದು ಬಿಡ್ರಿ. ಹೆಣದ ಹಾಡು ನಂದು. ಅದನ್ನ ನನ್ ಮಗ್ಳು ನನ್ ತಲೆದೆಸೆಗೆ ಕುಂತು ಹಾಡ್ಬೇಕು. ಅದಕ್ಕೂ ಮೊದ್ಲು ಆ ಸೊಲ್ಲು ಅವಳ ಬಾಯಾಗೆ ಬರಬಾರ್ದು.”

ಅವರಲ್ಲಿ ಅದು ಪದ್ಧತಿ. ತಾಯಿ ಸತ್ತರೆ ಮಗಳು ತಲೆದೆಸೆಗೆ ಕೂತು ಹಾಡು ಶುರು ಮಾಡಬೇಕು, ಊರ ಹೆಂಗಸರು ಒಂದೊಂದು ಸೊಲ್ಲನ್ನೂ ಎತ್ತಿಕೊಳ್ಳಬೇಕು. ಹಾಡು ಮುಗಿಯದೆ ಹೆಣ ಎತ್ತುವುದಿಲ್ಲ. ಗಂಡುಮಕ್ಕಳು ಹೆಗಲು ಕೊಡುತ್ತಾರೆ, ಹೆಣ್ಣುಮಗಳು ಕೊರಳು ಕೊಡುತ್ತಾಳೆ ಎಂದು ಅಜ್ಜಮ್ಮ ನನಗೆ ಬಿಡಿಸಿ ಹೇಳಿದಳು.

“ಆಗ್ಲವ್ವ, ಅದು ನಿಂದೇ” ಎಂದರು ನಮ್ಮವರು.

ಮೊದಲ ವರ್ಷ ಚೆನ್ನಾಗಿತ್ತು. ಹೊನ್ನಾಳಿಯ ಆ ಮಹಡಿ ಮೆಟ್ಟಿಲನ್ನು ಅಜ್ಜಮ್ಮನೂ ಸೊಂಟ ಹಿಡಿದುಕೊಂಡು ಹತ್ತಿದಳು. ಮೊದಲು ಹಾಡಿಸಿದ್ದು ಅಡಿಕೆ ಸುಲಿಯುವ ಹಾಡು. ಒಂದು ಮೈಕಿಗೆ ಮಗಳು, ಇನ್ನೊಂದಕ್ಕೆ ತಾಯಿ. ಮಗಳು ಹಾಡಿ ಬಿಟ್ಟ ಜಾಗದಲ್ಲಿ ಅಜ್ಜಮ್ಮನ ಒಡೆದ ದನಿ ಬಂದು ತುಂಬಿಕೊಳ್ಳುತ್ತಿತ್ತು. ಎಲ್ಲದರ ಮುಂದೆ ಒಂದು ಗಂಟೆಯ ಸದ್ದು, ಆಮೇಲೆ ಸುದೀಪನ ದಪ್ಪ ಮಾಡಿದ ದನಿ: “ಅರ್ಪಿಸುವವರು, ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್, ಚನ್ನಗಿರಿ ಮುರುಗೇಶಪ್ಪನವರು.” ನಮ್ಮವರು ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದರು. ಹಾಡು ಶುರುವಾಗುವ ಹೊತ್ತಿಗೆ ನಿಲ್ಲಿಸಿ, ಮತ್ತೆ ಮೊದಲಿಂದ ಹಾಕುತ್ತಿದ್ದರು.

ರೆಕಾರ್ಡಿಂಗ್ ಇದ್ದಾಗ ಉಚ್ಚಂಗಮ್ಮ ನಮ್ಮ ಮನೆಯಲ್ಲೇ ಇರುತ್ತಿದ್ದಳು. ನನ್ನನ್ನು ಅಕ್ಕ ಎಂದಳು. ನನ್ನ ಬೈಗುಳಕ್ಕೆ ನಗುತ್ತಿದ್ದ ಒಬ್ಬಳೇ ಹೆಂಗಸು ಅವಳು. ನನಗೆ ಹೆಣ್ಣುಮಕ್ಕಳಿಲ್ಲ, ಅವಳು ತಲೆ ಬಾಚಿಕೊಳ್ಳುತ್ತ ಏನಾದರೂ ಗುನುಗಿದರೆ ಮನೆ ತುಂಬಿದ ಹಾಗಾಗುತ್ತಿತ್ತು. ಅವಳ ಮೇಲೆ ನನಗೆ ತುಂಬಾ ಪ್ರೀತಿ ಇತ್ತು, ಈಗಲೂ ಇದೆ.

ಮೂರನೇ ವರ್ಷ ಎಲ್ಲ ಕೆಟ್ಟಿತು. ಖೇಣಿ ಗೊತ್ತಿದ್ದವರಿಗೆ ಇದನ್ನು ಹೇಳಬೇಕಾಗಿಲ್ಲ. ಕೊನೆಯ ವರ್ಷದ ಖೇಣಿದಾರ ಎಳೆ ಗೊನೆಯನ್ನೂ ಬಿಡುವುದಿಲ್ಲ. ಮುಂದಿನ ವರ್ಷ ತೋಟ ತನ್ನದಲ್ಲ, ಮರದ ತಲೆಗೆ ಪೆಟ್ಟಾದರೆ ಅವನಿಗೇನು? ನಮ್ಮವರು ಎಲ್ಲ ಖೇಣಿದಾರರ ಹಾಗೆ, ಅವರಿಗಿಂತ ಹೆಚ್ಚು ಕೆಟ್ಟವರಲ್ಲ. ಉಚ್ಚಂಗಮ್ಮನಿಗೆ ಬೆಂಗಳೂರಿನ ದೊಡ್ಡ ಕಂಪನಿಯೊಂದರಿಂದ ಫೋನ್ ಬಂದಿದೆ ಎಂದು ಸುದೀಪ ಹೇಳಿದ ದಿನದಿಂದ ಅವರು ಯುಗಾದಿಯ ಲೆಕ್ಕ ಹಾಕತೊಡಗಿದರು. ಹಗಲು ಸ್ಟುಡಿಯೊ, ಸಂಜೆ ಯಾವುದೋ ಊರಿನ ವೇದಿಕೆ. ದೇವರ ಹಾಡು, ಎಲೆಕ್ಷನ್ ಹಾಡು, ಬೀಜದ ಕಂಪನಿಯ ಹಾಡು. ಊಟ ಕಡಿಮೆ ಮಾಡಲಿಲ್ಲ, ಸೀರೆ ಕಡಿಮೆ ಮಾಡಲಿಲ್ಲ. ಬಿಡುವು ಮಾತ್ರ ಕೊಡಲಿಲ್ಲ.

ನ್ಯಾಮತಿಯ ಗಣಪತಿ ಕಾರ್ಯಕ್ರಮದಲ್ಲಿ ಅವಳ ದನಿ ಮೊದಲ ಸಲ ನಡುವೆಯೇ ನಿಂತಿತು. ಬಾಯಿ ತೆರೆದಿದೆ, ಸದ್ದಿಲ್ಲ. ಹುಡುಗರು ಸಿಳ್ಳೆ ಹಾಕಿದರು. ಮೈಕ್ ಕೆಟ್ಟಿದೆ ಎಂದು ಸುದೀಪ ಸುಳ್ಳು ಹೇಳಿದ. ಮಾರನೆಯ ದಿನ ನಾನೇ ಅವಳನ್ನು ದಾವಣಗೆರೆಗೆ ಕರೆದುಕೊಂಡು ಹೋದೆ. ಗಂಟಲಿನಲ್ಲಿ ಗಂಟು ಬಂದಿದೆ, ಕೆಲವು ತಿಂಗಳು ಹಾಡುವುದಿರಲಿ, ಮಾತನ್ನೂ ಆಡಬಾರದು, ಇಲ್ಲದಿದ್ದರೆ ದನಿ ಹೋದರೆ ಹೋಯಿತು ಎಂದರು ಡಾಕ್ಟರು. ಉಚ್ಚಂಗಮ್ಮ ಅವರನ್ನು ಕೇಳಿದ್ದು ಒಂದೇ ಮಾತು: “ನಮ್ಮವ್ವ ಇರೋಗಂಟ ಉಳಿದ್ರೆ ಸಾಕು ಸಾರ್. ಒಂದು ಹಾಡಿಗೆ.” ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗಾಯಿತು.

ಮನೆಗೆ ಬಂದು ಯಜಮಾನರ ಮುಂದೆ ಚೀಟಿ ಹಿಡಿದೆ.

“ಯುಗಾದಿ ಆದ್ಮೇಲೆ ವರ್ಷಗಟ್ಟಲೆ ಸುಮ್ನಿರ್ಲಿ, ಯಾರು ಬ್ಯಾಡ ಅಂದೋರು?” ಎಂದರು.

“ಅಷ್ಟ್ರಾಗೆ ಕೊರಳು ಉಳಿಯಲ್ಲ ಅಂತಾರ್ರೀ.”

“ಎಲ್ಲ ಒಪ್ಕೊಂಡಾಗೈತೆ ಕಸ್ತೂರಿ. ನಂಗೂ ಮಾತು ಅನ್ನೋದು ಐತಲ್ಲ.”

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು, ನೆನಪಿರಲಿ ಎಂದೆ. ಅವರು ನಕ್ಕು, ಉಚ್ಚಂಗಮ್ಮನಿಗೆ ಮೆಣಸು ಹಾಕಿ ಹಾಲು ಕಾಯಿಸಿಕೊಡು ಎಂದರು. ಕಾಯಿಸಿಕೊಟ್ಟೆ. ಅಂದಿನಿಂದ ಅವಳು ಮನೆಯಲ್ಲಿ ಕೈಸನ್ನೆಯಲ್ಲೇ ಮಾತಾಡುತ್ತಿದ್ದಳು, ದನಿಯನ್ನು ಕೂಡಿಟ್ಟುಕೊಳ್ಳುವವಳ ಹಾಗೆ. ಅವಳು ಮನೆಯಲ್ಲಿ ಕೂಡಿಟ್ಟದ್ದನ್ನು ಇವರು ಸ್ಟುಡಿಯೊದಲ್ಲಿ ತೆಗೆಯುತ್ತಿದ್ದರು.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಅವಳು ಕೈಹಿಡಿದು ಎಳೆದಳೆಂದು ನಾನೂ ಹೊನ್ನಾಳಿಗೆ ಹೋದೆ. ಹೊಸ ಹಾಡುಗಳನ್ನು ಜನ ಕೇಳುತ್ತಿಲ್ಲ ಎಂದು ಸುದೀಪ ಗೊಣಗುತ್ತಿದ್ದ.

“ಅಳೋ ಹಾಡು ಓಡ್ತೈತೆ ಸರ್. ಯಾರಾದ್ರೂ ಸತ್ರೆ ಸ್ಟೇಟಸ್‌ಗೆ ಹಾಕ್ಕೊಳ್ಳಾಕೆ ಜನಕ್ಕೆ ಒಂದು ಬೇಕು.”

ನಮ್ಮವರು ಉಚ್ಚಂಗಮ್ಮನ ಕಡೆ ತಿರುಗಿದರು. ಅವಳು ತಲೆಯಾಡಿಸಿ ಹಿಂದೆ ಸರಿದಳು.

“ಹೆಣದ ಹಾಡು ಮುಟ್ಟಲ್ಲ ಅಂತ ಮಾತು ಕೊಟ್ಟೀರಿ ನೀವು” ಎಂದೆ ನಾನು.

“ಕಿತ್ಕೊಳ್ತಿಲ್ಲ, ಕೇಳ್ತಿದೀನಿ” ಎಂದರು ನನಗೆ. ಅವಳಿಗೆ ಹೇಳಿದರು: “ನೋಡವ್ವ, ಯುಗಾದಿಗೆ ಇನ್ನೂ ಐತೆ. ಅಲ್ಲಿಗಂಟ ಒಪ್ಕೊಂಡಿರೋ ಕಾರ್ಯಕ್ರಮ ರಾಶಿ ಐತೆ. ಇದೊಂದು ಕೊಡು, ಅದ್ನೆಲ್ಲ ಬಿಟ್ಟೆ. ಇವತ್ತಿಗೇ ಖೇಣಿ ತೀರ್ತು. ಊರಿಗೋಗಿ ಬಾಯಿ ಮುಚ್ಕೊಂಡು ಕೊರಳು ಉಳಿಸ್ಕೋ.”

ಮಾತಿಗೆ ತಪ್ಪದೆ ಮಾತು ಮುರಿಯುವುದು ಹೇಗೆಂದು ನಾನು ಅಂದು ನೋಡಿದೆ. ಉಚ್ಚಂಗಮ್ಮನ ತಲೆಯಲ್ಲಿ ಏನು ಓಡುತ್ತಿತ್ತೆಂದು ನನಗೆ ಗೊತ್ತಿತ್ತು. ಇನ್ನೂ ಇಪ್ಪತ್ತು ವೇದಿಕೆ ಹತ್ತಿದರೆ ತಾಯಿಗೆ ಹಾಡಲು ದನಿಯೇ ಇರುವುದಿಲ್ಲ. ಇವತ್ತು ಈ ಹಾಡನ್ನು ಕೊಟ್ಟರೆ, ಅದೇ ಹಾಡಿಗಾಗಿ ದನಿ ಉಳಿದೀತು. ಬೇಡ ಎಂದು ನಾನು ಕೈ ಹಿಡಿದೆ. ಅವಳು ಬಿಡಿಸಿಕೊಂಡು ಗಾಜಿನ ಕೋಣೆಗೆ ಹೋದಳು.

“ನೀರಿಗೆ ಹೋದೋಳು ನಿಂತು ಬಂದಾಳೆಂದೆ
ಊರ ಬಾಗಿಲ ದಾಟಿ ನಡೆದ್ಯವ್ವ | ನನ ಕೂಗು
ಯಾರಿಗೆ ಕೇಳೀತೊ ತವರಾಗ”

ಪ್ರತಿ ಸೊಲ್ಲಿನ ಕೊನೆಗೆ ಅವಳು ಬಲಗೈ ಎತ್ತಿ, ಯಾರೋ ಎದುರಿಗೆ ಕೂತಿದ್ದಾರೆಂಬಂತೆ ಕಾದಳು. ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಕೊನೆಯ ಸೊಲ್ಲಿನಲ್ಲಿ ದನಿ ಹರಿಯಿತು. ಹಳೆಯ ಬಟ್ಟೆ ಹರಿದ ಹಾಗೆ ನನಗೇ ಕೇಳಿಸಿತು. ಸುದೀಪ ಮಾತ್ರ ತೊಡೆ ತಟ್ಟಿಕೊಂಡ. ಒರಿಜಿನಲ್ ಅಳು ಎಂದ.

“ನಡುನಡುವೆ ಗ್ಯಾಪ್ ಐತಲ್ಲ ಸರ್. ಇಡ್ಲಾ, ತೆಗೀಲಾ?”

“ಅದು ಯಾಕೈತೆ?” ಎಂದರು ನಮ್ಮವರು.

“ಹೆಂಗಸ್ರು ಎತ್ಕೊಳ್ಳಾಕೆ ಕಣ್ರೀ” ಎಂದೆ. “ಜೀವ ಇರೋದೇ ಅಲ್ಲಿ.”

“ಇಟ್ರೆ ಉದ್ದ ಆಗ್ತೈತೆ ಸರ್. ಜನ ಮುಂದಕ್ಕೆ ಓಡಿಸ್ತಾರೆ.”

“ಸದ್ದಿಲ್ಲದ ಜಾಗ ಇಟ್ಕೊಂಡು ಏನ್ ಮಾಡ್ತೀಯ? ತೆಗಿ” ಎಂದರು ನಮ್ಮವರು. ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಆಗಿ ಆ ಮೂರು ವರ್ಷದಲ್ಲಿ ಅವರು ಒಂದು ಹಾಡಿನ ಒಳಗೆ ಕೈ ಹಾಕಿದ್ದು ಅದೊಂದೇ ಸಲ.

ಹಾಡು ಕಾಳ್ಗಿಚ್ಚಿನ ಹಾಗೆ ಹಬ್ಬಿತು. ಸಾಸ್ವೆಹಳ್ಳಿಯಲ್ಲಿ ನಮ್ಮ ಸಂಬಂಧಿಕರ ಮನೆಯ ಸಾವಿಗೆ ಹೋದರೆ ಅಲ್ಲೂ ಹೆಣ ಒಯ್ಯುವ ಟ್ರ್ಯಾಕ್ಟರಿನ ಮೇಲೆ ಅದೇ ಹಾಡು, ಮೊದಲು ಗಂಟೆ, ಆಮೇಲೆ ನನ್ನ ಗಂಡನ ಹೆಸರು. ಯಾರೋ ನನ್ನತ್ತ ತಿರುಗಿ ಹೆಮ್ಮೆಯಿಂದ ನಕ್ಕರು. ನಾನು ಮುಖಕ್ಕೆ ಸೆರಗು ಮುಚ್ಚಿಕೊಂಡು ಗುಂಪಿನಿಂದ ಹೊರಗೆ ಬಂದೆ.

ಉಚ್ಚಂಗಮ್ಮ ಊರಿಗೆ ಹೋಗಿ ಬಾಯಿ ಮುಚ್ಚಿಕೊಂಡೇ ಇದ್ದಳು. ದನಿ ಬರಲಿಲ್ಲ. ದಾವಣಗೆರೆಯಲ್ಲಿ ಗಂಟು ತೆಗೆದರು. ಆಗಲೂ ಬರಲಿಲ್ಲ. ಉಸಿರಿನ ಸದ್ದು ಮಾತ್ರ ಬರುತ್ತಿತ್ತು. ಅಜ್ಜಮ್ಮ ಆ ಹಾಡನ್ನು ಪಕ್ಕದ ಮನೆಯವರ ಫೋನಿನಲ್ಲಿ ಕೇಳಿದಳಂತೆ. ನಾನು ನೋಡಲು ಹೋದಾಗ ಮಂಚದ ಮೇಲಿದ್ದಳು. ಬೈಯುತ್ತಾಳೆಂದುಕೊಂಡು ತಲೆ ತಗ್ಗಿಸಿ ಕೂತೆ.

“ಹಾಡು ಮುಗೀತಲ್ಲವ್ವ” ಎಂದಳು ಅಜ್ಜಮ್ಮ. “ಇನ್ನ ಎತ್ತೋದೊಂದು ಬಾಕಿ.”

ಶ್ರಾವಣದಲ್ಲಿ ಸುದ್ದಿ ಬಂತು. ನಮ್ಮವರು ದೊಡ್ಡ ಹಾರ ಕಟ್ಟಿಸಿ ಕಾರು ತೆಗೆದರು. ಅವರ ಕಣ್ಣಲ್ಲಿ ನೀರಿತ್ತು, ಅದು ಸುಳ್ಳು ನೀರಲ್ಲ.

ಮನೆಯ ಮುಂದಿನ ಚಪ್ಪರದಡಿ ಅಜ್ಜಮ್ಮನನ್ನು ಮಲಗಿಸಿದ್ದರು. ಉಚ್ಚಂಗಮ್ಮ ತಲೆಯ ಹತ್ತಿರ ಕೂತಿದ್ದಳು. ಎದುರಿಗೆ ಊರ ಹೆಂಗಸರು, ನಮ್ಮ ಶೆಡ್ಡಿಗೆ ಸುಲಿಯಲು ಬರುತ್ತಿದ್ದವರೇ ಎಲ್ಲ. ಅವಳು ಬಾಯಿ ತೆರೆದಳು. ಉಸಿರು ಬಂತು. ಮತ್ತೆ ತೆರೆದಳು, ಕತ್ತಿನ ನರ ಉಬ್ಬಿತು, ಉಸಿರೇ ಬಂತು. ಹೆಂಗಸರು ಕಾದರು. ಮಗಳಿದ್ದೂ ಬೇರೆಯವರು ಶುರು ಮಾಡುವ ಹಾಗಿಲ್ಲ. ಹೊತ್ತು ಇಳಿಯುತ್ತಿತ್ತು. ಅವಳ ಸೋದರಮಾವ ಅಂಜಿನಪ್ಪ ಬಂದು, “ಹೆಂಗವ್ವ ಮತ್ತೆ? ಹಾಡಿಲ್ದೆ ಎತ್ತಾಕೆ ಬರಲ್ಲ” ಎಂದ.

ಆಗ ನಮ್ಮವರು ಮುಂದೆ ಹೋದರು. ನಾನು ಅಂಗಿ ಹಿಡಿದು ಎಳೆದೆ, ಗೊತ್ತಾಗಲಿಲ್ಲ ಅವರಿಗೆ. “ಹಾಡು ಐತಲ್ಲಪ್ಪ. ಅವಳದೇ ದನಿ” ಎಂದು ಫೋನ್ ತೆಗೆದು ಉಚ್ಚಂಗಮ್ಮನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಹಾಡು ಹಾಕಿದರು. ಒಳ್ಳೆಯದು ಮಾಡುತ್ತಿದ್ದೇನೆಂದೇ ತಿಳಿದಿದ್ದರು.

ಮೊದಲು ಬಂದದ್ದು ಬಟ್ಟೆಸೋಪಿನ ಜಾಹೀರಾತು. ಆಮೇಲೆ ಗಂಟೆ. ಆಮೇಲೆ ಅವರ ಹೆಸರು. ಆಮೇಲೆ ಉಚ್ಚಂಗಮ್ಮ.

“ನೀರಿಗೆ ಹೋದೋಳು ನಿಂತು ಬಂದಾಳೆಂದೆ…”

ಉಚ್ಚಂಗಮ್ಮ ಬಲಗೈ ಎತ್ತಿದಳು. ಹೆಂಗಸರು ಬಾಯಿ ತೆರೆದರು. ಅಷ್ಟರಲ್ಲಿ ಫೋನ್ ಮುಂದಿನ ಸೊಲ್ಲಿಗೆ ಹೋಗಿತ್ತು. ಅವರು ಅದನ್ನಾದರೂ ಹಿಡಿಯೋಣವೆಂದರೆ ಅದರ ಮುಂದಿನದು ಬಂದಿತ್ತು. ಎತ್ತಿದ ಕೈ ಎತ್ತಿದ ಹಾಗೇ ಇತ್ತು, ತೆರೆದ ಬಾಯಿಗಳು ತೆರೆದ ಹಾಗೇ ಇದ್ದವು. ಹಾಡು ಯಾರಿಗೂ ಕಾಯದೆ ಒಬ್ಬಂಟಿಯಾಗಿ ಓಡಿ ಮುಗಿಯಿತು. ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಇದನ್ನು ಹಾಡಿದ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ನಮ್ಮವರ ಮುಖ ಬಿಳಿಚಿಕೊಂಡಿತ್ತು. ಸದ್ದಿಲ್ಲದ ಜಾಗ ಯಾಕೆ ಇತ್ತೆಂದು ಅವರಿಗೆ ಆಗ ತಿಳಿಯಿತು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅಸಹ್ಯವಾಯಿತು.

ಅವರು ನಿಲ್ಲಿಸುವ ಮೊದಲೇ ಫೋನ್ ತಾನಾಗಿ ಇನ್ನೊಂದು ಹಾಡಿಗೆ ಹೋಯಿತು. ಮತ್ತೆ ಗಂಟೆ, ಮತ್ತೆ ಹೆಸರು. ಅದು ಮೊದಲ ವರ್ಷದ ಅಡಿಕೆ ಸುಲಿಯುವ ಹಾಡು. ಉಚ್ಚಂಗಮ್ಮನ ತುಂಬಿದ ದನಿ ಒಂದು ಸೊಲ್ಲು ಹಾಡಿ ಸುಮ್ಮನಾಯಿತು. ಆ ಜಾಗದಲ್ಲಿ ಅಜ್ಜಮ್ಮ ಎತ್ತಿಕೊಂಡಳು.

“ಇದಲ್ಲ, ಇದಲ್ಲ” ಎನ್ನುತ್ತ ನಮ್ಮವರು ನಿಲ್ಲಿಸಲು ಹೋದರು. ಉಚ್ಚಂಗಮ್ಮ ಅವರ ಮಣಿಕಟ್ಟು ಹಿಡಿದಳು. ಅವರು ಎಳೆದುಕೊಂಡರು, ಅವಳು ಬಿಡಲಿಲ್ಲ. ಫೋನಿನೊಳಗಿನ ಮಗಳು ಎರಡನೆಯ ಸೊಲ್ಲು ಹಾಡಿದಳು. ಅಜ್ಜಮ್ಮ ಎತ್ತಿಕೊಂಡಳು. ಮೂರನೆಯದಕ್ಕೆ ಹೆಂಗಸರೂ ಅಜ್ಜಮ್ಮನ ಹಿಂದೆ ಸೇರಿದರು, ಶೆಡ್ಡಿನಲ್ಲಿ ಸೇರುತ್ತಿದ್ದ ಹಾಗೆ. ಹೆಣದ ಮುಂದೆ ಅಡಿಕೆಯ ಹಾಡು ಹಾಡಿದ್ದನ್ನು ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ. ಉಚ್ಚಂಗಮ್ಮನ ತುಟಿ ಪೂರ್ತಿ ಹಾಡಿಗೆ ಅಲುಗಿತು, ಕಣ್ಣೀರು ಕತ್ತಿನವರೆಗೆ ಇಳಿಯಿತು.

ಹಾಡು ಮುಗಿಯಿತು. ಅಂಜಿನಪ್ಪ ತಲೆಯಾಡಿಸಿದ. ನಾಲ್ವರು ಬಗ್ಗಿ ಅಜ್ಜಮ್ಮನನ್ನು ಎತ್ತಿದರು. ಆಗ ಸರಿಯಾಗಿ ಫೋನಿನಲ್ಲಿ ಗಂಟೆ ಬಾರಿಸಿತು. “ಅರ್ಪಿಸುವವರು, ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್, ಚನ್ನಗಿರಿ ಮುರುಗೇಶಪ್ಪನವರು” ಎಂದು ಸುದೀಪನ ದಪ್ಪ ದನಿ ಬೀದಿಗೆಲ್ಲ ಕೇಳುವ ಹಾಗೆ ಹೇಳಿತು.

ಉಚ್ಚಂಗಮ್ಮ ಅವರ ಕೈ ಬಿಟ್ಟಳು.